ಆಕಳಿಕೆ ಅಂಟದವರಿಗೆ ಮನಸ್ಸು ಕರಗುವುದಿಲ್ಲವೇ?

ಮುಂಜಾವು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂದಿದೆ. "ಎದುರಿಗೆ ಕೂತವರ ಮುಂದೆ ಆಕಳಿಸಿ ನೋಡಿ. ಅವರಿಗೂ ಆಕಳಿಕೆ ಬಂದರೆ ಒಳ್ಳೆಯ ಮನಸ್ಸು. ಬರದಿದ್ದರೆ ಕಲ್ಲು ಹೃದಯ, ಎಚ್ಚರ" ಅಂತ. ಕೆಳಗೆ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ ಅನ್ನುವ ಸಾಲು ಬೇರೆ.

ಆಮೇಲೆ ಶುರುವಾಯಿತು. ಊಟಕ್ಕೆ ಕೂತಾಗ ಒಬ್ಬರ ಮುಂದೆ ಒಬ್ಬರು ಬೇಕಂತಲೇ ಆಕಳಿಸುವುದು, ಮುಖವನ್ನೇ ದಿಟ್ಟಿಸುತ್ತಾ ಕಾಯುವುದು. ನಮ್ಮ ಓರಗಿತ್ತಿ ಅಕ್ಕನಿಗೆ ಮಾತ್ರ ಆಕಳಿಕೆ ಬರಲಿಲ್ಲ. ಮೈದುನ ಎಲ್ಲರ ಎದುರೇ "ಅತ್ತಿಗೆಗೆ ಹೃದಯವೇ ಇಲ್ಲ" ಅಂದುಬಿಟ್ಟ. ಅಕ್ಕ ಮಾತಾಡದೆ ತಟ್ಟೆ ಎತ್ತಿಕೊಂಡು ಎದ್ದು ಹೋದರು. ಮಾವ ಹಾಸಿಗೆ ಹಿಡಿದಾಗ ರಾತ್ರಿ ಎದ್ದೆದ್ದು ಅವರ ಮಗ್ಗುಲು ಬದಲಿಸುತ್ತಿದ್ದವರು ಇದೇ ಅಕ್ಕ.

ಈ ಮಾತು ಎಲ್ಲಿಂದ ಬಂತು? ಇದರಲ್ಲಿ ನಿಜ ಎಷ್ಟು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಓದುಗ

ಮುಂಜಾವು ಅವರೇ, ಪ್ರಶ್ನೆ ಚೆನ್ನಾಗಿದೆ. ಈ ವಿಷಯ ನನಗೆ ತುಂಬಾ ಇಷ್ಟ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಆಕಳಿಕೆಯಲ್ಲಿ ಎರಡು ಬಗೆ ಇದೆ ಅನ್ನೋದು ತಲೆಯಲ್ಲಿರಲಿ. ಒಂದು ತಾನಾಗಿ ಬರುವುದು. ನಿದ್ದೆಗೆ ಮುಂಚೆ, ಎದ್ದ ಮೇಲೆ, ಬೇಜಾರಾದಾಗ ಬರುತ್ತದಲ್ಲ, ಅದು. ಇದು ಹುಟ್ಟುವ ಮೊದಲೇ ಶುರುವಾಗುತ್ತದೆ. ಹೊಟ್ಟೆಯೊಳಗಿನ ಕೂಸು ಆಕಳಿಸುವುದನ್ನು ಸ್ಕ್ಯಾನಿಂಗ್‌ನಲ್ಲಿ ನೋಡಿದ್ದಾರೆ. ಎರಡನೆಯದು ಅಂಟುವ ಆಕಳಿಕೆ. ಇನ್ನೊಬ್ಬರು ಆಕಳಿಸಿದ್ದು ನೋಡಿ ನಮಗೆ ಬರುವುದು. ನಿಮ್ಮ ಮನೆಯಲ್ಲಿ ಜಗಳ ತಂದಿರುವುದು ಈ ಎರಡನೆಯದು.

ಇದನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ದೊಡ್ಡ ಹೆಸರು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್. 1986ರಲ್ಲಿ ಅವರು ಜನರಿಗೆ ಆಕಳಿಸುವವರ ವಿಡಿಯೊ ತೋರಿಸಿದರು. ಐದು ನಿಮಿಷದೊಳಗೆ ನೂರಕ್ಕೆ 55 ಜನ ಆಕಳಿಸಿದರು. ನಗುವ ಮುಖಗಳ ವಿಡಿಯೊ ನೋಡಿದವರಲ್ಲಿ ಆಕಳಿಸಿದವರು ನೂರಕ್ಕೆ 21. ಅಂದರೆ ಅಂಟುವುದು ನಿಜ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಆಕಳಿಕೆಯನ್ನೇ ನೋಡುತ್ತಾ ಕೂತರೂ ನೂರಕ್ಕೆ 45 ಜನ ಆಕಳಿಸಲಿಲ್ಲ. ಅವರೆಲ್ಲ ಕಲ್ಲು ಹೃದಯದವರೇ?

ಇನ್ನೊಂದು ಸಂಗತಿ. ನಮಗೆ ಅಂಟುವುದು ತೆರೆದ ಬಾಯಿಂದ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಪ್ರೊವೈನ್ ವಿಡಿಯೊದಲ್ಲಿ ಬಾಯಿಯ ಭಾಗ ಮುಚ್ಚಿ ತೋರಿಸಿದರೂ ಜನ ಆಕಳಿಸಿದರು. ಬರೀ ಬಾಯಿ ತೋರಿಸಿದಾಗ ಅಷ್ಟು ಅಂಟಲಿಲ್ಲ. ಕಿರಿದಾಗುವ ಕಣ್ಣು, ಬಿಗಿಯುವ ಕೆನ್ನೆ, ಹಿಂದಕ್ಕೆ ವಾಲುವ ತಲೆ, ಎಲ್ಲ ಸೇರಿಯೇ ಕೆಲಸ ಮಾಡುವುದು. ಬಾಯಿಗೆ ಕೈ ಅಡ್ಡ ಇಟ್ಟರೆ ಸಭ್ಯತೆ ಉಳಿಯಬಹುದು, ಅಂಟುವುದಂತೂ ನಿಲ್ಲುವುದಿಲ್ಲ.

ಎರಡನೇ ಪಾಳಿ

ಇದನ್ನು ಓದುತ್ತಲೇ ನನಗೆ ಆಕಳಿಕೆ ಬಂತು. ನಿದ್ದೆ ಚೆನ್ನಾಗಿ ಆಗಿದೆ, ಬೇಜಾರೂ ಇಲ್ಲ. ಓದಿದರೂ ಅಂಟುತ್ತದೆಯೇ? ಮತ್ತೆ ಆಮ್ಲಜನಕ ಕಡಿಮೆಯಾದಾಗ ಆಕಳಿಕೆ ಬರುತ್ತದೆ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದರಲ್ಲ?

ಹಳೇ ಓದುಗ

ಓದಿದರೂ ಬರುತ್ತದೆ, ಸುಮ್ನೆ ನೆನೆದರೂ ಬರುತ್ತದೆ, ಶಬ್ದ ಕೇಳಿದರೂ ಬರುತ್ತದೆ. ಕಣ್ಣು ಕಾಣದವರಿಗೂ ಆಕಳಿಕೆಯ ಶಬ್ದದಿಂದ ಅಂಟುತ್ತದೆ.

ಆಮ್ಲಜನಕದ ಮಾತನ್ನು ಪ್ರೊವೈನ್ ಮತ್ತು ಜೊತೆಗಾರರು 1987ರಲ್ಲೇ ಪರೀಕ್ಷೆ ಮಾಡಿದ್ದಾರೆ. ಶುದ್ಧ ಆಮ್ಲಜನಕ ಕೊಟ್ಟರೂ ಆಕಳಿಕೆ ಕಡಿಮೆಯಾಗಲಿಲ್ಲ. ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವ ಗಾಳಿ ಕೊಟ್ಟರೂ ಹೆಚ್ಚಾಗಲಿಲ್ಲ. ಉಸಿರಾಟದ ವೇಗ ಮಾತ್ರ ಏರಿತು. ಈಗ ಹೆಚ್ಚು ಚರ್ಚೆಯಲ್ಲಿರುವುದು ಮಿದುಳಿನ ಬಿಸಿ ತಗ್ಗಿಸಲು ಆಕಳಿಕೆ ನೆರವಾಗುತ್ತದೆ ಅನ್ನುವ ವಾದ. ಆಂಡ್ರ್ಯೂ ಗ್ಯಾಲಪ್ ಅವರದು. ಹಣೆಗೆ ತಣ್ಣನೆಯ ಪಟ್ಟಿ ಇಟ್ಟುಕೊಂಡವರಿಗೆ ಆಕಳಿಕೆ ಕಡಿಮೆ ಅಂಟಿತು ಅಂತ 2007ರಲ್ಲಿ ತೋರಿಸಿದರು. ಎಲ್ಲರೂ ಒಪ್ಪಿಲ್ಲ. ಅದು ಬೇರೆಯದೇ ಚರ್ಚೆ, ಇಲ್ಲಿ ಬೇಡ.

ಸಾಲುಮರ

ಮುಂಜಾವು ಅವರ ಅಕ್ಕನಿಗೆ ಆದದ್ದು ಖಂಡಿತ ಅನ್ಯಾಯ. ಆದರೂ ಆಕಳಿಕೆಗೂ ಅನುಭೂತಿಗೂ, ಅಂದರೆ ಇನ್ನೊಬ್ಬರ ಭಾವನೆ ನಮಗೂ ತಟ್ಟುವ ಗುಣಕ್ಕೂ, ನಂಟೇ ಇಲ್ಲ ಅಂತ ತಳ್ಳಿಹಾಕುವುದು ಸರಿಯಲ್ಲ. ಆ ನಂಟು ಗಾಳಿಯಲ್ಲಿ ಹುಟ್ಟಿದ್ದಲ್ಲ.

2003ರಲ್ಲಿ ಸ್ಟೀವನ್ ಪ್ಲಾಟೆಕ್ ಮತ್ತು ಜೊತೆಗಾರರು ಒಂದು ಅಧ್ಯಯನ ಮಾಡಿದರು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದರಲ್ಲಿ ಚುರುಕಾದವರಿಗೆ ಆಕಳಿಕೆ ಹೆಚ್ಚು ಅಂಟಿತು. ಇಟಲಿಯ ಇವಾನ್ ನೊರ್ಶಿಯಾ ಮತ್ತು ಎಲಿಸಬೆಟ್ಟಾ ಪಲಾಜಿ ಅವರ 2011ರ ಕೆಲಸ ನನಗೆ ಇನ್ನೂ ಮುಖ್ಯ. ಅವರು ಪ್ರಯೋಗಾಲಯವನ್ನೇ ಬಿಟ್ಟು, ಊಟದ ಹೊತ್ತು, ರೈಲು, ಕೆಲಸದ ಜಾಗ ಅಂತ ಜನ ಸಹಜವಾಗಿ ಇರುವ ಕಡೆ ನೋಡುತ್ತಾ ಕೂತರು. 109 ಜನರನ್ನು ಗಮನಿಸಿದರು. ರಕ್ತಸಂಬಂಧಿಗಳ ನಡುವೆ ಅತಿ ಹೆಚ್ಚು ಅಂಟಿತು, ಆಮೇಲೆ ಸ್ನೇಹಿತರು, ಆಮೇಲೆ ಮುಖಪರಿಚಯದವರು, ಕೊನೆಗೆ ಅಪರಿಚಿತರು. ನಾವು ಯಾರ ನೋವಿಗೆ ಬೇಗ ಕರಗುತ್ತೇವೆಯೋ ಅವರ ಆಕಳಿಕೆಯೇ ನಮಗೆ ಬೇಗ ಅಂಟುತ್ತದೆ. ಇದನ್ನು ಬರೀ ಕಾಕತಾಳೀಯ ಅಂತ ಹೇಗೆ ಬಿಡುವುದು?

ಹಳೇ ಓದುಗ

ಬಿಡಬೇಡಿ ಸಾಲುಮರ, ಆ ಅಧ್ಯಯನ ನನಗೂ ಇಷ್ಟ. ಆದರೆ ಒಂದು ಮಾತು ಯೋಚಿಸಿ. ನಾವು ನಮ್ಮವರ ಮುಖವನ್ನು ಅಪರಿಚಿತರ ಮುಖಕ್ಕಿಂತ ಹೆಚ್ಚು ಹೊತ್ತು ನೋಡುತ್ತೇವೆ. ರೈಲಿನಲ್ಲಿ ಎದುರು ಕೂತ ಅಪರಿಚಿತರು ಆಕಳಿಸಿದರೆ ಕಣ್ಣು ಬೇರೆ ಕಡೆ ಹೊರಳಿಸುತ್ತೇವೆ. ನೋಡದ ಆಕಳಿಕೆ ಅಂಟುವುದು ಹೇಗೆ? ಹತ್ತಿರದವರ ಆಕಳಿಕೆ ಹೆಚ್ಚು ಅಂಟುವುದಕ್ಕೆ ಪ್ರೀತಿಯೇ ಕಾರಣ ಇರಬಹುದು, ಬರೀ ಗಮನವೂ ಕಾರಣ ಇರಬಹುದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಯೋರ್ಗ್ ಮಾಸ್ಸೆನ್ ಮತ್ತು ಆಂಡ್ರ್ಯೂ ಗ್ಯಾಲಪ್ 2017ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಅನುಭೂತಿಯ ನಂಟಿಗೆ ಸಿಕ್ಕ ಸಾಕ್ಷಿ ಒಂದಕ್ಕೊಂದು ತಾಳೆಯಾಗುವುದಿಲ್ಲ, ಗಮನದ ಪ್ರಶ್ನೆಯನ್ನು ಬಹಳಷ್ಟು ಕಡೆ ಕೈಬಿಟ್ಟಿದ್ದಾರೆ ಅಂದರು. ಅದಕ್ಕೂ ಮುಂಚೆ, 2014ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು 328 ಆರೋಗ್ಯವಂತರಿಗೆ ಮೂರು ನಿಮಿಷದ ವಿಡಿಯೊ ತೋರಿಸಿ, ಅನುಭೂತಿ, ದಣಿವು, ಚುರುಕುತನ ಎಲ್ಲವನ್ನೂ ಅಳೆದರು. 222 ಜನರಿಗೆ ಆಕಳಿಕೆ ಅಂಟಿತು. ಅನುಭೂತಿಯ ಅಂಕಕ್ಕೂ ಆಕಳಿಕೆಗೂ ಗಟ್ಟಿ ಸಂಬಂಧ ಸಿಗಲಿಲ್ಲ. ಸಿಕ್ಕಿದ್ದು ವಯಸ್ಸು ಒಂದೇ. ವಯಸ್ಸಾದಂತೆ ಅಂಟುವುದು ಸ್ವಲ್ಪ ಕಡಿಮೆ. ಅದೂ ಜನರ ನಡುವಿನ ವ್ಯತ್ಯಾಸದ ಶೇಕಡ 8ರಷ್ಟನ್ನು ಮಾತ್ರ ವಿವರಿಸಿತು. ಉಳಿದದ್ದು ಏನು ಅಂತ ಆ ಅಧ್ಯಯನಕ್ಕೆ ಸಿಗಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಕುತೂಹಲದ ವಿಷಯವಿದೆ. ಇವತ್ತು ಬೇಗ ಅಂಟಿದವರಿಗೆ ಬೇರೆ ದಿನ ನೋಡಿದರೂ ಬೇಗ ಅಂಟಿತು. ಅಂದರೆ ಇದು ಅವರವರ ಮೈಗುಣ. ಒಬ್ಬರಿಗೆ ಕಚಗುಳಿ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ ಅಲ್ವಾ, ಹಾಗೆ.

ಸಾಲುಮರ

ಗಮನದ ವಾದಕ್ಕೆ ಆ ಇಟಲಿಯ ತಂಡವೇ 2020ರಲ್ಲಿ ಉತ್ತರ ಕೊಟ್ಟಿದೆ. ಮುಖ ಕಾಣದೆ ಬರೀ ಶಬ್ದ ಕೇಳಿಸಿದ ಸಂದರ್ಭಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರು. ಆಗಲೂ ಮನೆಯವರು, ಸ್ನೇಹಿತರ ಆಕಳಿಕೆಯೇ ಹೆಚ್ಚು ಅಂಟಿತು. ಕಿವಿಯನ್ನು ಕಣ್ಣಿನ ಹಾಗೆ ಬೇರೆ ಕಡೆ ಹೊರಳಿಸಲು ಬರುವುದಿಲ್ಲವಲ್ಲ?

ಹಳೇ ಓದುಗ

ಒಳ್ಳೆಯ ಉತ್ತರ. ಇದರಿಂದ ನಿಮ್ಮ ಪಕ್ಷ ಗಟ್ಟಿಯಾಗುತ್ತದೆ, ಒಪ್ಪುತ್ತೇನೆ. ಪೂರ್ತಿ ಮುಗಿಯುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. ಗದ್ದಲದಲ್ಲೂ ನಮ್ಮವರ ದನಿ ಬೇಗ ಗುರುತು ಸಿಗುತ್ತದೆ. ಕೇಳಿಸಿಕೊಳ್ಳುವುದರಲ್ಲೂ ಗಮನ ಇದ್ದೇ ಇದೆ.

ಇನ್ನೊಂದು ಮಾತು. ನಿಮ್ಮ ಅಧ್ಯಯನ ಹೇಳುವುದು ಇಬ್ಬರ ನಡುವಿನ ನಂಟಿನ ಬಗ್ಗೆ. ವಾಟ್ಸಾಪ್ ಸಂದೇಶ ಹೇಳುವುದು ಒಬ್ಬ ಮನುಷ್ಯನ ಗುಣದ ಬಗ್ಗೆ. ನಮ್ಮವರ ಆಕಳಿಕೆ ಹೆಚ್ಚು ಅಂಟುತ್ತದೆ ಅನ್ನುವುದರಿಂದ, ಅಂಟದವರಿಗೆ ಪ್ರೀತಿಯೇ ಇಲ್ಲ ಅಂತ ಆಗುವುದಿಲ್ಲ.

ಸಾಲುಮರ

ಅದನ್ನು ನಾನೂ ಒಪ್ಪುತ್ತೇನೆ. ಒಬ್ಬರನ್ನು ಕೂರಿಸಿ ಅಳೆಯುವುದಕ್ಕೆ ಇದು ಬರುವುದಿಲ್ಲ.

ಬಣ್ಣದ ಸೀಮೆಸುಣ್ಣ

ನಾನು ಪುಟ್ಟ ಮಕ್ಕಳಿಗೆ ಪಾಠ ಮಾಡುವವಳು. ಒಂದು ವಿಷಯ ಸೇರಿಸುತ್ತೇನೆ. ಮಧ್ಯಾಹ್ನ ನಾನು ಆಕಳಿಸಿದರೆ ದೊಡ್ಡ ಮಕ್ಕಳ ಸಾಲಿನಲ್ಲಿ ಅಲೆಯಂತೆ ಹರಡುತ್ತದೆ. ಮೂರು ವರ್ಷದ ಮಕ್ಕಳು ಮಾತ್ರ ನನ್ನ ಬಾಯೊಳಗೆ ಇಣುಕಿ "ಮಿಸ್, ಹಲ್ಲು!" ಅನ್ನುತ್ತಾರೆ. ಅವರಿಗೆ ಅಂಟುವುದೇ ಇಲ್ಲ.

ಇದನ್ನು ಅಮೆರಿಕದ ಮಾಲಿ ಹೆಲ್ಟ್ ಮತ್ತು ತಂಡ 2010ರಲ್ಲಿ ಅಧ್ಯಯನ ಮಾಡಿತು. ಮಕ್ಕಳಿಗೆ ಕಥೆ ಓದುತ್ತಾ ನಡುನಡುವೆ ಆಕಳಿಸಿದರು. ನಾಲ್ಕು ವರ್ಷದ ಹೊತ್ತಿಗೆ ಅಂಟುವುದು ಒಮ್ಮೆಲೇ ಹೆಚ್ಚಾಯಿತು. ಅನುಭೂತಿಯ ವಾದದವರು ಇದನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಇನ್ನೊಬ್ಬರ ಮನಸ್ಸಿನಲ್ಲಿ ಬೇರೆ ಯೋಚನೆ ಇರಬಹುದು ಅಂತ ಮಕ್ಕಳಿಗೆ ಗೊತ್ತಾಗುವುದೂ ಸುಮಾರು ಅದೇ ವಯಸ್ಸಿಗೆ.

ನನಗೆ ಒಪ್ಪಿಗೆಯಾಗುವುದಿಲ್ಲ. ಎರಡು ವರ್ಷದ ಮಗು ಪಕ್ಕದ ಮಗು ಅತ್ತರೆ ತನ್ನ ಕೈಯಲ್ಲಿರುವ ಗೊಂಬೆ ಕೊಡುತ್ತದೆ. ಬೆನ್ನು ತಟ್ಟುತ್ತದೆ. ಆ ಮಗುವಿಗೆ ಆಕಳಿಕೆ ಅಂಟುವುದಿಲ್ಲ. ಕರುಣೆ ಮೊದಲೇ ಬಂದು, ಆಕಳಿಕೆ ಎಷ್ಟೋ ಆಮೇಲೆ ಬರುತ್ತದೆ ಅಂದಮೇಲೆ ಎರಡೂ ಒಂದೇ ಹೇಗಾಗುತ್ತದೆ?

ಹಳೇ ಓದುಗ

ಮೇಡಂ, ಇಡೀ ಚರ್ಚೆಯಲ್ಲಿ ನನಗೆ ಅತಿ ಬೆಲೆಯುಳ್ಳ ಮಾತು ಇದು.

ನೀಲಿ ಬಾಗಿಲು

ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನನ್ನ ಮಗನಿಗೆ ಆಟಿಸಂ ಇದೆ. ಈ ಆಕಳಿಕೆಯ ಮಾತು ನಮ್ಮಂಥ ಮನೆಗಳಿಗೆ ಬಂದು ಬೀಳುವುದು ಬೇರೆಯೇ ರೀತಿಯಲ್ಲಿ.

2007ರಲ್ಲಿ ಅತ್ಸುಶಿ ಸೆಂಜು ಮತ್ತು ತಂಡದ ಅಧ್ಯಯನ ಬಂತು. ಆಟಿಸಂ ಇರುವ ಮಕ್ಕಳಿಗೆ ಆಕಳಿಸುವ ವಿಡಿಯೊ ತೋರಿಸಿದರು. ಉಳಿದ ಮಕ್ಕಳಿಗೆ ಅಂಟಿದಷ್ಟು ಇವರಿಗೆ ಅಂಟಲಿಲ್ಲ. ಜನ ಅದನ್ನು ಎಲ್ಲಿಗೆ ಒಯ್ದರು ಗೊತ್ತಾ? "ನೋಡಿ, ಈ ಮಕ್ಕಳಿಗೆ ಇನ್ನೊಬ್ಬರ ಮನಸ್ಸು ಗೊತ್ತಾಗುವುದೇ ಇಲ್ಲ" ಅನ್ನುವಲ್ಲಿಗೆ. ನನ್ನ ಮುಂದೆಯೇ, ಮಗ ಪಕ್ಕದಲ್ಲಿ ಕೂತಿರುವಾಗಲೇ ಈ ಮಾತು ಹೇಳಿದವರಿದ್ದಾರೆ.

ಆಮೇಲೆ ಏನಾಯಿತು ಅನ್ನುವುದು ಯಾವ ಸಂದೇಶದಲ್ಲೂ ಬರುವುದಿಲ್ಲ. ಸೆಂಜು ಅವರೂ ಸೇರಿದ್ದ ತಂಡ 2013ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಕಣ್ಣಿನ ಚಲನೆ ಹಿಡಿಯುವ ಯಂತ್ರ ಇಟ್ಟು, ಮಗು ಪರದೆಯ ಮೇಲಿನ ಮುಖದ ಕಣ್ಣುಗಳನ್ನು ನೋಡಿದಾಗಲೇ ಆಕಳಿಕೆ ಶುರುವಾಗುವಂತೆ ಮಾಡಿದರು. ಈ ಸಲ ಆಟಿಸಂ ಇರುವ ಮಕ್ಕಳಿಗೂ ಉಳಿದವರಷ್ಟೇ ಅಂಟಿತು.

ನನಗೆ ಇದನ್ನು ಓದಿ ಅಳು ಬಂತು. ನನ್ನ ಮಗ ಮಾತಾಡುವಾಗ ನನ್ನ ಕಣ್ಣು ನೋಡುವುದಿಲ್ಲ. ನನ್ನ ಬಳೆ ನೋಡುತ್ತಾನೆ, ಕಿಟಕಿಯ ಸರಳು ನೋಡುತ್ತಾನೆ. ಆದರೆ ನನಗೆ ತಲೆನೋವು ಬಂದು ಮಲಗಿದರೆ ದೀಪ ಆರಿಸಿ, ಪರದೆ ಎಳೆದು, ಬಾಗಿಲ ಹತ್ತಿರವೇ ಕೂತಿರುತ್ತಾನೆ. ತನಗೆ ಬೆಳಕು ಕಿರಿಕಿರಿ ಮಾಡುವ ಹಾಗೆ ಅಮ್ಮನಿಗೂ ಮಾಡುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನ ಕಣ್ಣು ನನ್ನ ಮುಖದ ಮೇಲೆ ಇರುವುದಿಲ್ಲ, ಮನಸ್ಸು ಇರುತ್ತದೆ. ಆಕಳಿಕೆಗೆ ಬೇಕಾಗಿದ್ದು ಕಣ್ಣು. ಜನ ಲೆಕ್ಕ ಹಾಕಿದ್ದು ಮನಸ್ಸನ್ನು.

ಮುಂಜಾವು ಅವರೇ, ನಿಮ್ಮ ಅಕ್ಕನ ಹತ್ತಿರ ಹೋಗಿ ಕೂತು ಮಾತಾಡಿ. ದಯವಿಟ್ಟು.

ಮುಂಜಾವು

ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಖಂಡಿತ ಮಾತಾಡುತ್ತೇನೆ. ನಿಮ್ಮ ಮಗನಿಗೆ ನನ್ನ ಪ್ರೀತಿ ತಿಳಿಸಿ.

ಎರಡನೇ ಪಾಳಿ

ನೀಲಿ ಬಾಗಿಲು ಅವರೇ, ಬರೆದಿದ್ದಕ್ಕೆ ಧನ್ಯವಾದ. ನನ್ನ ಅಣ್ಣನ ಮಗಳಿಗೂ ಆಟಿಸಂ ಇದೆ. ನಿಮ್ಮ ಬರಹವನ್ನು ಅಣ್ಣನಿಗೆ ತೋರಿಸಬಹುದೇ?

ನೀಲಿ ಬಾಗಿಲು

ಧಾರಾಳವಾಗಿ ತೋರಿಸಿ.

ಕಡಲಹಕ್ಕಿ

ಸಂದೇಶದ "ಎಚ್ಚರ" ಅನ್ನುವ ಪದ ಎಲ್ಲಿಂದ ಬಂತು ಅಂತ ನನಗೆ ಅಂದಾಜಿದೆ. 2015ರಲ್ಲಿ ಬೇಲರ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಸುದ್ದಿಯಾಗಿತ್ತು. 135 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು ಸೈಕೋಪಥಿಗೆ, ಅಂದರೆ ಇನ್ನೊಬ್ಬರ ನೋವಿಗೆ ಮಿಡಿಯದ ಸ್ವಭಾವಕ್ಕೆ, ಸಂಬಂಧಿಸಿದ ಗುಣಗಳನ್ನು ಅಳೆದರು. ಭಾವನೆ ತಣ್ಣಗಿರುವ ಗುಣದಲ್ಲಿ ಹೆಚ್ಚು ಅಂಕ ಬಂದವರಿಗೆ ಆಕಳಿಕೆ ಕಡಿಮೆ ಅಂಟಿತು. ಪತ್ರಿಕೆಗಳು "ಆಕಳಿಸದವರು ಸೈಕೋಪಾತ್ ಇರಬಹುದು" ಅಂತ ತಲೆಬರಹ ಕೊಟ್ಟವು.

ಅಲ್ಲಿದ್ದವರು ಕಾಲೇಜಿನ ಸಾಮಾನ್ಯ ವಿದ್ಯಾರ್ಥಿಗಳು. ಆ ಗುಣ ಎಲ್ಲರಲ್ಲೂ ಹೆಚ್ಚುಕಡಿಮೆ ಇರುತ್ತದೆ. ಆಕಳಿಕೆ ಬರದವರನ್ನು ಕಂಡರೆ ಹೆದರಿ ಅಂತ ಅಧ್ಯಯನ ಮಾಡಿದವರೇ ಹೇಳಿಲ್ಲ. ತಣ್ಣನೆಯ ಮನಸ್ಸಿನ ಕೆಲವರಿಗೆ ಅಂಟುವುದು ಕಡಿಮೆ ಅನ್ನುವುದರಿಂದ, ಅಂಟದವರೆಲ್ಲ ತಣ್ಣನೆಯ ಮನಸ್ಸಿನವರು ಅನ್ನುವುದು ಬರುವುದಿಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಆದರೆ ಒದ್ದೆಯಾದ ಅಂಗಳ ಕಂಡಾಗಲೆಲ್ಲ ಮಳೆ ಬಂದಿತ್ತು ಅನ್ನಲಾಗದು.

ಬಾಲ ಅಲ್ಲಾಡಿಸು

ನಾಯಿಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮ ನಾಯಿಗೆ ನಾನು ಆಕಳಿಸಿದರೆ ಪಕ್ಕಾ ಅಂಟುತ್ತದೆ. ಕೊನೆಗೆ ಕೀಚು ದನಿ ಬೇರೆ ಹೊರಡಿಸುತ್ತದೆ. ಅದಕ್ಕೆ ನನ್ನ ಮೇಲಿರುವ ಪ್ರೀತಿಯಿಂದಲೇ ಅಂತ ನನ್ನ ನಂಬಿಕೆ.

ಕಡಲಹಕ್ಕಿ

ಅಂಟುವುದು ನಿಜ. 2008ರಲ್ಲಿ ಲಂಡನ್ನಿನಲ್ಲಿ 29 ನಾಯಿಗಳ ಮುಂದೆ ಅಪರಿಚಿತರೊಬ್ಬರು ಆಕಳಿಸಿದರು. 21 ನಾಯಿಗಳು ಆಕಳಿಸಿದವು. ಸುಮ್ನೆ ಬಾಯಿ ತೆರೆದು ಮುಚ್ಚಿದಾಗ ಒಂದೂ ಆಕಳಿಸಲಿಲ್ಲ. ಯಜಮಾನರ ಆಕಳಿಕೆ ಹೆಚ್ಚು ಅಂಟುತ್ತದೆ ಅಂತ 2013ರಲ್ಲಿ ಜಪಾನಿನಿಂದ ವರದಿ ಬಂತು. ಆದರೆ 2020ರಲ್ಲಿ ಆರು ಅಧ್ಯಯನಗಳ 257 ನಾಯಿಗಳ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿದಾಗ, ಅಂಟುವುದು ಉಳಿಯಿತು, ಪರಿಚಿತರು ಅಪರಿಚಿತರು ಅನ್ನುವ ವ್ಯತ್ಯಾಸ ಉಳಿಯಲಿಲ್ಲ. ನಿಮ್ಮ ನಾಯಿಗೆ ನಿಮ್ಮ ಮೇಲೆ ಪ್ರೀತಿ ಖಂಡಿತ ಇರುತ್ತದೆ. ಅದನ್ನು ಅದು ಬೇರೆ ನೂರು ರೀತಿಯಲ್ಲಿ ತೋರಿಸುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಸಿಂಹಗಳ ಅಧ್ಯಯನ. ದಕ್ಷಿಣ ಆಫ್ರಿಕಾದಲ್ಲಿ ನಡೆದದ್ದು, 2021ರಲ್ಲಿ ಪ್ರಕಟವಾಯಿತು. ಒಂದು ಸಿಂಹ ಆಕಳಿಸಿತು, ಅದನ್ನು ನೋಡಿದ ಇನ್ನೊಂದು ಆಕಳಿಸಿತು. ಆಮೇಲೆ ಮೊದಲನೆಯದು ಎದ್ದರೆ ಎರಡನೆಯದೂ ಏಳುತ್ತಿತ್ತು, ಮಲಗಿದರೆ ಮಲಗುತ್ತಿತ್ತು. ಗುಂಪಿನಲ್ಲಿ ಬೇಟೆಯಾಡುವ, ಒಟ್ಟಿಗೆ ಮರಿ ನೋಡಿಕೊಳ್ಳುವ ಪ್ರಾಣಿಗೆ ಎಲ್ಲರೂ ಒಂದೇ ಹೊತ್ತಿಗೆ ಎಚ್ಚರವಿರುವುದು ಬೇಕು. ಅಂಟುವ ಆಕಳಿಕೆಯ ಮೂಲ ಕೆಲಸ ಇದೇ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಗುಂಪನ್ನು ಒಂದೇ ಲಯಕ್ಕೆ ತರುವುದು. ಅದಕ್ಕೆ ಕರುಣೆಯ ಅಗತ್ಯವಿಲ್ಲ.

ಸಾಲುಮರ

ಲಯ ಕೂಡಿಬರುವುದೇ ಅನುಭೂತಿಯ ಮೊದಲ ಮೆಟ್ಟಿಲು ಅನ್ನುವವರೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಆದರೆ ಮೊದಲ ಮೆಟ್ಟಿಲು ನೋಡಿ ಇಡೀ ಮನೆಯನ್ನು ಅಳೆಯಬಾರದು ಅನ್ನುವುದು ಇಲ್ಲಿ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಎರಡನೇ ಪಾಳಿ

ಮುಂಜಾವು ಅವರ ಮನೆಯ ಪರೀಕ್ಷೆಗೆ ವಾಪಸ್ ಬರೋಣ. ಎಲ್ಲರೂ ಮುಖ ದಿಟ್ಟಿಸುತ್ತಿದ್ದರು ಅಂದಿರಲ್ಲ. ಹಾಗೆ ನೋಡುತ್ತಿದ್ದರೆ ನನಗಂತೂ ಆಕಳಿಕೆ ಬರುವುದಿಲ್ಲ.

ಹಳೇ ಓದುಗ

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಗ್ಯಾಲಪ್ ಮತ್ತು ಜೊತೆಗಾರರು 2016ರಲ್ಲಿ ಇದನ್ನೇ ನೋಡಿದ್ದಾರೆ. ಪಕ್ಕದಲ್ಲಿ ಯಾರೋ ಇದ್ದು ಗಮನಿಸುತ್ತಿದ್ದಾರೆ ಅಂತ ಗೊತ್ತಿದ್ದರೆ ಜನ ಕಡಿಮೆ ಆಕಳಿಸುತ್ತಾರೆ. ಹಾಗಾಗಿ ಊಟಕ್ಕೆ ಕೂತವರನ್ನು ಸುತ್ತುವರಿದು ನೋಡುವ ಪರೀಕ್ಷೆ ಶುರುವಲ್ಲೇ ಕೆಟ್ಟಿತು. ಅದರ ಮೇಲೆ ಅಲ್ಲಿ ಆಕಳಿಸಿದವರು ನಾಟಕ ಮಾಡುತ್ತಿದ್ದರು. ನಿಜವಾದ ಆಕಳಿಕೆ ಸುಮಾರು ಆರು ಸೆಕೆಂಡು ನಡೆಯುತ್ತದೆ, ಒಮ್ಮೆ ಹೊರಟರೆ ನಡುವೆ ನಿಲ್ಲಿಸುವುದು ಕಷ್ಟ. ಹಲ್ಲು ಕಚ್ಚಿ ತಡೆದರೆ ದವಡೆ ಬಿಗಿಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಕಣ್ಣಂಚಲ್ಲಿ ನೀರು ಬರುತ್ತದೆ, ಆದರೂ ಸಮಾಧಾನ ಆಗುವುದಿಲ್ಲ.

ತಡೆಯುವ ಬಗ್ಗೆ ಇನ್ನೊಂದು ಅಧ್ಯಯನವಿದೆ. 2017ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 36 ಜನರಿಗೆ ವಿಡಿಯೊ ತೋರಿಸಿ, ಕೆಲವೊಮ್ಮೆ ತಡೆಯಿರಿ ಅಂದರು, ಕೆಲವೊಮ್ಮೆ ಬಿಟ್ಟುಬಿಡಿ ಅಂದರು. ತಡೆಯಿರಿ ಅಂದಾಗ ಆಕಳಿಸಬೇಕೆನ್ನುವ ಒತ್ತಡ ಇನ್ನೂ ಹೆಚ್ಚಾಯಿತು. ಯಾರಿಗೆ ಎಷ್ಟು ಅಂಟುತ್ತದೆ ಅನ್ನುವುದು ಮಿದುಳಿನಲ್ಲಿ ಚಲನೆ ನೋಡಿಕೊಳ್ಳುವ ಭಾಗ ಎಷ್ಟು ಬೇಗ ಕೆರಳುತ್ತದೆ ಅನ್ನುವುದರ ಮೇಲೂ ನಿಂತಿದೆ ಅಂತ ಕಂಡುಬಂತು. ಅದು ಅವರವರ ಮೈಗುಣದಂಥದ್ದು. ಒಳ್ಳೆಯವರು ಕೆಟ್ಟವರು ಅನ್ನುವ ಮಾತು ಅಲ್ಲಿ ಬರುವುದೇ ಇಲ್ಲ.

ಮುಂಜಾವು

ಎಲ್ಲರಿಗೂ ಮನಸಾರೆ ಧನ್ಯವಾದ. ಅಕ್ಕನ ಜೊತೆ ಮಾತಾಡಿದೆ. ಈ ಚರ್ಚೆಯನ್ನೂ ಓದಿಸಿದೆ. ಗುಂಪಿಗೆ ಹೀಗೆ ಬರೆದಿದ್ದೇನೆ, ಕಳಿಸುವ ಮುಂಚೆ ಒಮ್ಮೆ ನೋಡಿ:

"ಆಕಳಿಕೆ ಅಂಟುವುದಕ್ಕೂ ಅನುಭೂತಿಗೂ ಯಾವ ಸಂಬಂಧವೂ ಇಲ್ಲ. ಅಧ್ಯಯನಕ್ಕೆ ಬಂದ ಆರೋಗ್ಯವಂತರಲ್ಲೂ ಬಹಳ ಜನರಿಗೆ ಅಂಟುವುದಿಲ್ಲ. ಎದುರಿಗೆ ಕೂತು ದಿಟ್ಟಿಸಿದರಂತೂ ಇನ್ನೂ ಕಡಿಮೆ. ಅಕ್ಕನ ಬಗ್ಗೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು."

ಸಾಲುಮರ

ಮೊದಲ ಸಾಲು ಮಾತ್ರ ಬದಲಿಸಿ. ಯಾವ ಸಂಬಂಧವೂ ಇಲ್ಲ ಅಂತ ಯಾರೂ ತೋರಿಸಿಲ್ಲ. ಮೈದುನ ಹಟಕ್ಕೆ ಬಿದ್ದು 2011ರ ಅಧ್ಯಯನ ಹುಡುಕಿ ತಂದರೆ ನಿಮ್ಮ ಉಳಿದ ಮಾತೂ ಬಿದ್ದುಹೋಗುತ್ತದೆ. "ಸಂಬಂಧ ಇದೆಯೋ ಇಲ್ಲವೋ ಅನ್ನುವ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ, ಇದನ್ನು ನೋಡಿ ಒಬ್ಬರ ಮನಸ್ಸು ಹೇಳಲು ಬರುವುದಿಲ್ಲ" ಅಂತ ಬರೆಯಿರಿ. ಕೊನೆಯ ಸಾಲು ಹಾಗೇ ಇರಲಿ.

ಮುಂಜಾವು

ಬದಲಿಸಿ ಕಳಿಸಿದೆ. ಮೈದುನ ಉತ್ತರ ಬರೆಯುತ್ತಿದ್ದಾನೆ.